ಮುಂಚಕ್ರದ ಶಾಕ್ಸ್: ಬಳಕೆದಾರರ ಕೈಪಿಡಿ, ಬೆಂಗಳೂರು ಗ್ರಾಮಾಂತರ ಆವೃತ್ತಿ



ಬೆಟ್ಟದ ಸೈಕಲ್ಲಿಗೆ ಹೊಸ ಸಸ್ಪೆನ್ಷನ್ ಫೋರ್ಕ್ ಹಾಕಿಸಲು ಹೊರಟ ನಿಮಗೆ ಅಭಿನಂದನೆ. ಕಂಪನಿಯ ಪೆಟ್ಟಿಗೆಯಲ್ಲೂ ಒಂದು ಕೈಪಿಡಿ ಇರುತ್ತದೆ. ಅದು ಹತ್ತಾರು ಭಾಷೆಗಳಲ್ಲಿದ್ದು, ನೀವು ಬಿದ್ದು ಸತ್ತರೆ ಕಂಪನಿ ಜವಾಬ್ದಾರಿಯಲ್ಲ ಎಂಬುದನ್ನು ಒಂದೊಂದರಲ್ಲೂ ವಿನಯದಿಂದ ತಿಳಿಸುತ್ತದೆ. ರಾಗಿ ಹೊಲದ ಬದು, ಕೆರೆ ಏರಿ, ಕ್ರಷರಿನ ಟಿಪ್ಪರುಗಳು ಓಡಾಡಿ ಎಬ್ಬಿಸಿದ ದಾರಿ, ಇವುಗಳ ಪ್ರಸ್ತಾಪ ಅದರಲ್ಲಿಲ್ಲ. ಆ ಕೊರತೆ ತುಂಬಲು ಈ ಕೈಪಿಡಿ. ಇದು ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ ಮತ್ತು ಹೊಸಕೋಟೆ ತಾಲ್ಲೂಕುಗಳಿಗೆ ಮಾತ್ರ ಅನ್ವಯ. ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ಸಚಿವ ಸಂಪುಟ 2025ರ ಜುಲೈಯಲ್ಲಿ ತೀರ್ಮಾನಿಸಿದೆ. ರಸ್ತೆಯ ಹಂಪುಗಳು ಆ ತೀರ್ಮಾನದ ವ್ಯಾಪ್ತಿಗೆ ಬಾರದ ಕಾರಣ ಒಳಗಿನ ಪುಟಗಳಲ್ಲಿ ತಿದ್ದುಪಡಿ ಮಾಡಿಲ್ಲ.

ಓದಲು ಶುರು ಮಾಡುವ ಮೊದಲು ಸೈಕಲ್ಲಿನಿಂದ ಇಳಿಯಿರಿ.

ಭಾಗ 1. ಅಂಗಡಿಯೊಳಗೆ ನಡೆದುಕೊಳ್ಳಬೇಕಾದ ರೀತಿ

ನೀವು ಒಳಗೆ ಕಾಲಿಟ್ಟ ತಕ್ಷಣ ಅಂಗಡಿಯ ಹುಡುಗ ಒಂದು ಗೇರ್ ಸೈಕಲ್ಲನ್ನು ಎಳೆದು ತಂದು, ಮುಂದಿನ ಬ್ರೇಕು ಹಿಡಿದು, ಹ್ಯಾಂಡಲನ್ನು ನಾಲ್ಕು ಸಲ ಕೆಳಕ್ಕೆ ಅದುಮಿ ಬಿಡುತ್ತಾನೆ. ಸೈಕಲ್ಲು ಕುಣಿಯುತ್ತದೆ. "ನೋಡಿ ಅಣ್ಣಾ, ಎಂಗೆ ಎಗರ್ತದೆ! ಗುಂಡಿ ಬಂದ್ರೂ ಗೊತ್ತೇ ಆಗಲ್ಲ" ಅನ್ನುತ್ತಾನೆ. ನೀವೂ ಒಂದು ಸಲ ಅದುಮಿ, ತಲೆದೂಗಿ, ದುಡ್ಡು ಎಣಿಸಲು ಹೊರಡುತ್ತೀರಿ. ಇಲ್ಲಿ ತಡೆಯಿರಿ. ಹಾಗೆ ಎಗರುವುದೇ ದೋಷ. ಅದುಮಿದ ಮೇಲೆ ಫೋರ್ಕು ಒಂದು ಸಲ ಮೇಲೆದ್ದು ಸುಮ್ಮನಾಗಬೇಕು. ಎರಡು ಮೂರು ಸಲ ತೂಗಿದರೆ ಅದರೊಳಗೆ ಸ್ಪ್ರಿಂಗ್ ಇದೆ, ಎಣ್ಣೆ ಇಲ್ಲ ಎಂದರ್ಥ. ಈ ಕೈಪಿಡಿಯಲ್ಲಿ ಅರ್ಧ ಭಾಗ ಆ ಎಣ್ಣೆಯ ಬಗ್ಗೆ.

ಹುಡುಗ ಮುಂದೆ ಮಿಲಿಮೀಟರಿನ ಮಾತೆತ್ತುತ್ತಾನೆ. 80, 100, 120, 140. ಇದು ಟ್ರಾವೆಲ್, ಅಂದರೆ ಫೋರ್ಕು ಪೂರ್ತಿ ಕುಸಿದಾಗ ಚಕ್ರ ಎಷ್ಟು ಮೇಲೆ ಸರಿಯುತ್ತದೆ ಎಂಬ ಲೆಕ್ಕ. ಸೈಟು ಕೊಳ್ಳುವವರು ಮೊದಲು ಅಡಿ ಕೇಳುವ ನಾಡು ನಮ್ಮದು, ಹಾಗಾಗಿ ಎಲ್ಲರಿಗೂ ಈ ಅಂಕಿಯ ಮೇಲೇ ಕಣ್ಣು. ದೊಡ್ಡ ಅಂಕಿ ತೆಗೆದುಕೊಂಡರೆ ದೊಡ್ಡ ಹಂಪು ಹಾರಬಹುದು ಅನ್ನುವುದು ಸಾಮಾನ್ಯ ನಂಬಿಕೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದ ಪ್ರಕಾರ ಹಂಪು 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ ಇರಬೇಕು. ಅದರ ಬೆನ್ನು 17 ಮೀಟರ್ ತ್ರಿಜ್ಯದ ವೃತ್ತದ ತುಂಡು. ಹತ್ತು ಸೆಂಟಿಮೀಟರ್ ಅಂದರೆ ನೂರು ಮಿಲಿಮೀಟರ್, ಹಾಗಾದರೆ 100ರ ಫೋರ್ಕು ತಕ್ಕದ್ದು ಎಂದು ನಿಮಗೆ ಹೊಳೆದಿರಬಹುದು. ಹಾಗಲ್ಲ. ಅಷ್ಟು ಅಗಲದ, ಅಷ್ಟು ನಿಧಾನ ಏರುವ ಉಬ್ಬಿನ ಮೇಲೆ ಸೈಕಲ್ಲು ಇಡಿಯಾಗಿ ಏರಿ ಇಡಿಯಾಗಿ ಇಳಿಯುತ್ತದೆ. ಫೋರ್ಕಿಗೆ ಹೆಚ್ಚು ಕೆಲಸವೇ ಇಲ್ಲ. ಕೆಲಸ ಕೊಡುವುದು ನಿಯಮ ಓದದ ಹಂಪು. ಊರ ಮುಂದೆ ಒಂದು ಅಪಘಾತವಾದ ರಾತ್ರಿ ಊರವರೇ ಸೇರಿ ಸಿಮೆಂಟು ಸುರಿದು ಕಟ್ಟಿದ, ಒಂದು ಮೊಳ ಅಗಲದ, ಬಣ್ಣ ಕಾಣದ ಹಂಪು. ಅದು ಎತ್ತರದಿಂದ ಹೊಡೆಯುವುದಿಲ್ಲ, ಥಟ್ಟನೆ ಹೊಡೆಯುತ್ತದೆ. ಥಟ್ಟನೆ ಬಂದ ಪೆಟ್ಟಿಗೆ ಉತ್ತರ ಟ್ರಾವೆಲ್ಲಿನಲ್ಲಿಲ್ಲ, ಡ್ಯಾಂಪಿಂಗಿನಲ್ಲಿ, ಅಂದರೆ ಆ ಎಣ್ಣೆಯ ತಡೆಯಲ್ಲಿ ಇದೆ.

ಇನ್ನೊಂದು ಮಾತು. ಈಗಿರುವ ಫೋರ್ಕಿಗಿಂತ ಉದ್ದದ್ದನ್ನು ಹಾಕಿದರೆ ಸೈಕಲ್ಲಿನ ಮೂತಿ ಮೇಲೇಳುತ್ತದೆ. 20 ಮಿಲಿಮೀಟರ್ ಹೆಚ್ಚಿಸಿದರೆ ಫ್ರೇಮಿನ ತಲೆಯ ಕೋನ ಸರಿಸುಮಾರು ಒಂದು ಡಿಗ್ರಿ ಹಿಂದಕ್ಕೆ ವಾಲುತ್ತದೆ, ತಿರುವಿನಲ್ಲಿ ಹ್ಯಾಂಡಲು ಸೋಮಾರಿಯಾಗುತ್ತದೆ, ಹೆಡ್ ಟ್ಯೂಬಿನ ಬೆಸುಗೆಯ ಮೇಲೆ ಭಾರ ಹೆಚ್ಚುತ್ತದೆ. ಫ್ರೇಮಿನವರು 100 ಎಂದಿದ್ದರೆ 100, ಬಹಳವಾದರೆ 120. ನೂರ ನಲವತ್ತರ ಆಸೆ ಇದ್ದರೆ ಬೇರೆ ಫ್ರೇಮು ಕೊಳ್ಳಿ, ಅದಕ್ಕೂ ಮೊದಲು ಮನೆಯಲ್ಲಿ ಕೇಳಿ.

ಭಾಗ 2. ಬಣ್ಣದ ಆಯ್ಕೆ

ಈ ಭಾಗವನ್ನು ನೀವು ಅಂಗಡಿಗೆ ಬರುವ ಮುಂಚೆಯೇ ಮುಗಿಸಿದ್ದೀರಿ. ಮುಂದಕ್ಕೆ ಹೋಗಿ.

ಭಾಗ 3. ಕಾಲು ಬಿಗಿಯಾಗಿದೆಯೇ ಎಂದು ನೋಡುವುದು

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ. ಸೈಕಲ್ಲಿನ ಎದುರು ನಿಂತು ಮುಂಚಕ್ರವನ್ನು ಎರಡು ಮೊಣಕಾಲುಗಳ ನಡುವೆ ಅದುಮಿ ಹಿಡಿಯಿರಿ. ಈಗ ಹ್ಯಾಂಡಲನ್ನು ಎಡಕ್ಕೆ ಬಲಕ್ಕೆ ತಿರುವಿ. ಚಕ್ರ ಅಲ್ಲೇ ಇದ್ದು ಹ್ಯಾಂಡಲು ಒಂದಿಷ್ಟು ತಿರುಗಿತೆ? ಆ ಒಂದಿಷ್ಟೇ ನಿಮ್ಮ ಫೋರ್ಕಿನ ಸುಳ್ಳು. ಅಂಗಡಿಯ ಗಾಜಿನ ಮುಂದೆ ಅದು ಬೆರಳಗಲದ ವಿಷಯ. ಮಳೆಗಾಲದಲ್ಲಿ ಟ್ರಾಕ್ಟರು ಕೊರೆದು, ಸಂಕ್ರಾಂತಿ ಹೊತ್ತಿಗೆ ಗಟ್ಟಿಯಾದ ಕೆಂಪು ಮಣ್ಣಿನ ಜಾಡಿನೊಳಗೆ ಮುಂಚಕ್ರ ಸಿಕ್ಕಿಕೊಂಡಾಗ ಅದು ಬೇರೆಯೇ ವಿಷಯ. ನೀವು ತಿರುಗಿಸುತ್ತೀರಿ, ಚಕ್ರ ಇನ್ನೂ ಯೋಚಿಸುತ್ತಿರುತ್ತದೆ, ಅಷ್ಟರಲ್ಲಿ ಬೇಲಿ ಬರುತ್ತದೆ.

ಈ ತಿರುಚಾಟಕ್ಕೆ ಮುಖ್ಯ ಕಾರಣ ಅಚ್ಚು. ಕಡಿಮೆ ಬೆಲೆಯ ಫೋರ್ಕುಗಳಲ್ಲಿ ಚಕ್ರದ 9 ಮಿಲಿಮೀಟರಿನ ಅಚ್ಚನ್ನು ಕ್ವಿಕ್ ರಿಲೀಸ್ ಕಡ್ಡಿ ಎರಡು ಬದಿಯಿಂದ ಒತ್ತಿ ಹಿಡಿದಿರುತ್ತದೆ, ಎರಡು ಕಾಲುಗಳೂ ತಮ್ಮ ತಮ್ಮ ಪಾಡಿಗೆ ಹಿಂದೆ ಮುಂದೆ ಆಡುತ್ತವೆ. ಥ್ರೂ ಆಕ್ಸಲ್ ಇರುವುದರಲ್ಲಿ 15 ಮಿಲಿಮೀಟರ್ ದಪ್ಪದ ಅಚ್ಚು ಈ ಕಾಲಿನಿಂದ ಆ ಕಾಲಿಗೆ ತೂರಿ ಬಿಗಿಯಾಗುತ್ತದೆ, ಎರಡೂ ಕಾಲು ಒಂದೇ ಚೌಕಟ್ಟಾಗುತ್ತವೆ. ಡಿಸ್ಕ್ ಬ್ರೇಕು ಎಡಗಾಲಿನ ಮೇಲೆ ಮಾತ್ರ ಕೂತಿರುವುದರಿಂದ ಬ್ರೇಕು ಹಿಡಿದಾಗಲೆಲ್ಲ ಆ ಒಂದು ಕಾಲಿಗೇ ತಿರುಚುವ ಪೆಟ್ಟು. ದುಡ್ಡು ಒಂದಕ್ಕೇ ಸಾಲುವುದಾದರೆ ಉದ್ದದ ಟ್ರಾವೆಲ್ ಬಿಟ್ಟು ಈ ಅಚ್ಚು ತೆಗೆದುಕೊಳ್ಳಿ. ಹಳೆಯ ಚಕ್ರದ ಹಬ್ಬು ಇದಕ್ಕೆ ಹೊಂದದೇ ಇರಬಹುದು. ಆ ಸುದ್ದಿಯನ್ನು ಅಂಗಡಿಯವರು ಬಿಲ್ಲು ಹಾಕಿದ ಮೇಲೆ ಹೇಳುವ ಪದ್ಧತಿಯಿದೆ, ನೀವೇ ಮೊದಲು ಕೇಳಿ.

ಎರಡನೆಯದು ಮೇಲಿನ ಹೊಳೆಯುವ ಕಾಲುಗಳ ದಪ್ಪ. 28, 30, 32, 34, 35, 36, 38 ಮಿಲಿಮೀಟರಿನವು ಸಿಗುತ್ತವೆ. ಕೊಳವೆಯ ಗೋಡೆಯ ದಪ್ಪ ಅಷ್ಟೇ ಇದ್ದರೆ, ಬಾಗದೆ ನಿಲ್ಲುವ ಶಕ್ತಿ ವ್ಯಾಸದ ಘನದಂತೆ ಏರುತ್ತದೆ. 28ರಿಂದ 32ಕ್ಕೆ ಹೋದರೆ ಸುಮಾರು ಒಂದೂವರೆ ಪಟ್ಟು, 34ಕ್ಕೆ ಹೋದರೆ ಸುಮಾರು 1.8 ಪಟ್ಟು. ನಾಲ್ಕು ಮಿಲಿಮೀಟರಿಗೆ ಇಷ್ಟು ಲಾಭ ಕೊಡುವ ವ್ಯವಹಾರ ದೇವನಹಳ್ಳಿಯ ಸೈಟಿನಲ್ಲೂ ಇಲ್ಲ.

ಬಿಗಿ ಯಾಕೆ ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣವಿದೆ, ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ದೊಡ್ಡಬಳ್ಳಾಪುರದ ಕಡೆಯ ಯಾವುದಾದರೂ ಗುಡ್ಡದಲ್ಲಿ, ಒರಟು ಬಂಡೆಯ ಹಾಸಿನ ಮೇಲೆ ಬ್ರೇಕು ಹಿಡಿದು ಇಳಿಯುತ್ತಿದ್ದೀರಿ ಎಂದುಕೊಳ್ಳಿ. ಮೈಭಾರವೆಲ್ಲ ಮುಂದಕ್ಕೆ ಬಂದು ಸಣ್ಣ ಕಾಲುಗಳು ಹಿಂದಕ್ಕೆ ಬಾಗುತ್ತವೆ. ಬಾಗಿದ ಮೇಲಿನ ಕಾಲು ಕೆಳಗಿನ ಕಾಲಿನೊಳಗಿನ ಬುಷ್ಷುಗಳಿಗೆ ಓರೆಯಾಗಿ ಒತ್ತಿಕೊಂಡು ಸಿಕ್ಕಿಬೀಳುತ್ತದೆ. ಆಗ ಫೋರ್ಕು ಕುಸಿಯುವುದೂ ಇಲ್ಲ, ಏಳುವುದೂ ಇಲ್ಲ. ಒಳಗೆ ಎಷ್ಟೇ ದುಬಾರಿ ಎಣ್ಣೆಯ ವ್ಯವಸ್ಥೆ ಇರಲಿ, ಅತ್ಯಂತ ಬೇಕಾದ ಗಳಿಗೆಯಲ್ಲಿ ಅದು ರಜೆ. ಬಿಗಿ ಇಲ್ಲದ ಕಡೆ ಡ್ಯಾಂಪಿಂಗಿಗೆ ಕೊಟ್ಟ ದುಡ್ಡು ದಂಡ.

ಹಾಗಂತ 38ಕ್ಕೆ ಕೈ ಹಾಕಬೇಡಿ. ಅದು ವಿದೇಶದ ಡೌನ್‌ಹಿಲ್ ದಾರಿಗಳಲ್ಲಿ ಮನೆಯಷ್ಟೆತ್ತರದಿಂದ ಹಾರುವವರಿಗೆ. ಅರವತ್ತು ಕೆ.ಜಿ.ಯ ಸವಾರ ಅದನ್ನು ಹಾಕಿಕೊಂಡು ನೀಲಗಿರಿ ತೋಪಿನಲ್ಲಿ ಸುತ್ತಿದರೆ ಪ್ರತಿ ಬೇರೂ ನೇರ ಮಣಿಕಟ್ಟಿಗೆ ಬಂದು ತಲುಪುತ್ತದೆ, ಹೊತ್ತು ಸಾಗಿಸುವ ಭಾರ ಬೇರೆ. ನಮ್ಮ ಅಭಿಪ್ರಾಯ ಇಷ್ಟು: ಎಪ್ಪತ್ತೈದು ಕೆ.ಜಿ. ಒಳಗಿನವರಿಗೆ 32ರ ಕಾಲು ಸಾಕು, ಮೇಲಿನವರಿಗೆ 34 ಅಥವಾ 35. ತೂಕ ಎಷ್ಟು ಎಂಬುದನ್ನು ನೀವೇ ಹೇಳಬೇಡಿ, ತಕ್ಕಡಿ ಹೇಳಲಿ.

ಕೊನೆಗೆ ಸ್ಟೀರರ್, ಅಂದರೆ ಫ್ರೇಮಿನೊಳಗೆ ಹೋಗುವ ಕೊಳವೆ. ಹಳೆಯ ಫ್ರೇಮುಗಳಿಗೆ ಮೇಲಿಂದ ಕೆಳಗಿನವರೆಗೂ ಒಂದೂಕಾಲು ಇಂಚಿಗೆ ಸ್ವಲ್ಪ ಕಡಿಮೆಯ ನೇರ ಕೊಳವೆ. ಈಗಿನ ಒಳ್ಳೆಯ ಫೋರ್ಕುಗಳೆಲ್ಲ ಬುಡದಲ್ಲಿ ಒಂದೂವರೆ ಇಂಚಿಗೆ ದಪ್ಪವಾಗುವ ಟೇಪರ್. ಬುಡ ದಪ್ಪವಾದಷ್ಟೂ ಬಿಗಿ. ಆದರೆ ನೇರದ ತೂತಿಗೆ ಟೇಪರ್ ಹೋಗುವುದಿಲ್ಲ. "ಸ್ವಲ್ಪ ಉಜ್ಜಿ ಕೂರಿಸ್ತೀನಿ ಸಾರ್" ಅನ್ನುವವರಿಂದ ದೂರವಿರಿ.

ಭಾಗ 4. ಎಣ್ಣೆಯ ಮಹಿಮೆ

ಸ್ಪ್ರಿಂಗು ಪೆಟ್ಟನ್ನು ತಿನ್ನುವುದಿಲ್ಲ, ಸಾಲವಾಗಿ ಇಟ್ಟುಕೊಂಡು ಮರುಕ್ಷಣ ಪೂರ್ತಿ ವಾಪಸು ಕೊಡುತ್ತದೆ. ಅದನ್ನು ತಿಂದು ಶಾಖ ಮಾಡುವುದು ಡ್ಯಾಂಪರಿನೊಳಗಿನ ಎಣ್ಣೆ. ಸಣ್ಣ ರಂಧ್ರಗಳ ಮೂಲಕ ಎಣ್ಣೆ ನುಗ್ಗಬೇಕು. ನಿಧಾನ ತಳ್ಳಿದರೆ ಸುಲಭವಾಗಿ ಹೋಗುತ್ತದೆ, ಜೋರಾಗಿ ತಳ್ಳಿದರೆ ಅಷ್ಟೇ ಜೋರಾಗಿ ತಡೆಯುತ್ತದೆ.

ಇದನ್ನು ಕಣ್ಣಾರೆ ನೋಡಲು ಈ ಜಿಲ್ಲೆಗಿಂತ ಒಳ್ಳೆಯ ಜಾಗ ಇಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇ 24ರಂದು ಶುರುವಾಯಿತು. ಸುತ್ತಲ ಊರಿನ ರಸ್ತೆಬದಿಯಲ್ಲಿ ನಿಂತು ಒಂದು ವಿಮಾನ ಇಳಿಯುವುದನ್ನು ಗಮನಿಸಿ. ಆಕಾಶ ಬಿಟ್ಟು ಕಾಲು ನೋಡಿ. ಅರವತ್ತು ಟನ್ನಿನ ಆಸುಪಾಸಿನ ಭಾರ ನೆಲ ಮುಟ್ಟುತ್ತದೆ, ಟಯರಿನಿಂದ ಹೊಗೆ ಏಳುತ್ತದೆ, ಕಾಲು ಕುಸಿಯುತ್ತದೆ, ಮೈ ನಿಧಾನಕ್ಕೆ ಕೂರುತ್ತದೆ. ಪುಟಿದೇಳುವುದಿಲ್ಲ. ಆ ಕಾಲಿನೊಳಗೆ ಇರುವುದು ಒತ್ತಿ ತುಂಬಿದ ನೈಟ್ರೋಜನ್ ಮತ್ತು ಎಣ್ಣೆ. ಅನಿಲ ಸ್ಪ್ರಿಂಗಿನ ಕೆಲಸ ಮಾಡುತ್ತದೆ, ರಂಧ್ರದಲ್ಲಿ ನುಸುಳುವ ಎಣ್ಣೆ ಪುಟಿತವನ್ನು ಕೊಲ್ಲುತ್ತದೆ. ಅಂಗಡಿಯಲ್ಲಿ ಎಗರಿದ ಆ ಸೈಕಲ್ಲಿನ ಫೋರ್ಕನ್ನು ವಿಮಾನಕ್ಕೆ ಹಾಕಿದ್ದರೆ ಪ್ರಯಾಣಿಕರು ಇಳಿಯುವ ಹೊತ್ತಿಗೆ ಮೂರು ಸಲ ಇಳಿದಿರುತ್ತಿದ್ದರು.

ಎಣ್ಣೆಯ ಈ ವಿದ್ಯೆ ಹೊಸದೇನಲ್ಲ. ಬಿಎಂಡಬ್ಲ್ಯು 1935ರಲ್ಲೇ ಮೋಟಾರ್ ಸೈಕಲ್ಲಿಗೆ ಎಣ್ಣೆ ಡ್ಯಾಂಪಿಂಗಿನ ಟೆಲಿಸ್ಕೋಪಿಕ್ ಫೋರ್ಕು ಕೊಟ್ಟಿತ್ತು. 1960ರ ದಶಕದ ಆರಂಭದಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಗಳ ಮುಂಗಾಲಿನಲ್ಲೂ ಇತ್ತು. ಫೋರ್ಕ್ ಆಯಿಲ್ ಬದಲಿಸುವುದು, ಸೀಲು ಹಾಕುವುದು ನಮ್ಮ ಬೈಕ್ ಮೆಕ್ಯಾನಿಕ್ಕುಗಳಿಗೆ ತಲೆಮಾರಿನಿಂದ ಬಂದ ಕೆಲಸ. ಸೈಕಲ್ಲಿನವರು ಮಾತ್ರ ಬಹಳ ತಡ ಮಾಡಿದರು. ರಾಕ್‌ಶಾಕ್ಸ್ ಕಂಪನಿ ತನ್ನ ಮೊದಲ ಫೋರ್ಕು ತಂದದ್ದು 1989ರಲ್ಲಿ.

ಹತ್ತು ಹದಿನೈದು ಸಾವಿರದ ಗೇರ್ ಸೈಕಲ್ಲಿನ ಫೋರ್ಕಿನಲ್ಲಿ ಸಾಮಾನ್ಯವಾಗಿ ಉಕ್ಕಿನ ಸ್ಪ್ರಿಂಗು ಮತ್ತು ಗ್ರೀಸು ಇರುತ್ತದೆ. ಅಲ್ಲಿ ಪುಟಿತವನ್ನು ತಡೆಯುವುದು ಭಾಗಗಳ ಉಜ್ಜಾಟ ಮಾತ್ರ. ಉಜ್ಜಾಟದ ಸ್ವಭಾವ ಎಣ್ಣೆಗೆ ತದ್ವಿರುದ್ಧ: ಸಣ್ಣ ಕಲ್ಲಿಗೆ ಹಟ ಹಿಡಿದು ಅಲ್ಲಾಡುವುದಿಲ್ಲ, ದೊಡ್ಡ ಗುಂಡಿಗೆ ಕೈಚೆಲ್ಲಿ ಕೂರುತ್ತದೆ. ಮೇಲೆ ಪ್ಲಸ್ ಮೈನಸ್ ಬರೆದ ನಾಬ್ ಒಂದಿರುತ್ತದೆ. ಅದು ಸ್ಪ್ರಿಂಗನ್ನು ಕೊಂಚ ಮುಂಚಿತವಾಗಿ ಅದುಮಿಡುತ್ತದೆ, ಅಷ್ಟೇ. ಅದನ್ನು ತಿರುಗಿಸಿದರೆ ಡ್ಯಾಂಪಿಂಗ್ ಬದಲಾಗದು, ತಿರುಗಿಸಿದ ಸಮಾಧಾನ ಸಿಗುತ್ತದೆ.

ಇನ್ನು ಗಾಳಿಯೋ ಉಕ್ಕೋ ಎಂಬ ಪ್ರಶ್ನೆ. ಹೊಸಕೋಟೆ ತಾಲ್ಲೂಕಿನಲ್ಲಿ ವೋಲ್ವೊ ಬಸ್ಸು ತಯಾರಾಗತೊಡಗಿದ ಮೇಲೆ ರಾತ್ರಿ ಪ್ರಯಾಣದಲ್ಲಿ ನಿದ್ದೆ ಬರುತ್ತದೆ ಎಂಬುದು ಕನ್ನಡಿಗರಿಗೆ ಗೊತ್ತಾಯಿತು. ಆ ಬಸ್ಸುಗಳು ಕೂತಿರುವುದು ಗಾಳಿಚೀಲಗಳ ಮೇಲೆ. ಫೋರ್ಕಿನಲ್ಲೂ ಗಾಳಿಯದೇ ಮೇಲು. ಸವಾರನ ತೂಕಕ್ಕೆ ತಕ್ಕಂತೆ ಒತ್ತಡ ಬದಲಿಸಬಹುದು, ಕುಸಿದಷ್ಟೂ ತಾನಾಗಿ ಗಟ್ಟಿಯಾಗುತ್ತದೆ. ಸ್ಪ್ರಿಂಗಿನ ಅಗ್ಗದ ಫೋರ್ಕು ಎರಡೂವರೆ ಕೆ.ಜಿ. ಹತ್ತಿರ ತೂಗಿದರೆ ಗಾಳಿಯದು ಒಂದೂವರೆಯಿಂದ ಎರಡು.

ಭಾಗ 5. ಹೊಂದಿಸುವ ವಿಧಾನ

ಎಚ್ಚರಿಕೆ: ಫೋರ್ಕಿಗೆ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಬೇಡಿ. ಅಲ್ಲಿಯ ಕಂಪ್ರೆಸರು ಲಾರಿ ಟಯರಿಗೆ. ಫೋರ್ಕಿನ ಕೋಣೆ ಒಂದು ಟೀ ಲೋಟಕ್ಕಿಂತ ಹೆಚ್ಚೇನೂ ಹಿಡಿಸದು, ಅದರೊಳಗಿನ ಒತ್ತಡ ನೂರು ಪಿಎಸ್‌ಐ ಆಸುಪಾಸು. ಪೈಪು ಕೀಳುವ ಒಂದು ಕ್ಷಣದಲ್ಲಿ ಲೆಕ್ಕವೆಲ್ಲ ತಪ್ಪುತ್ತದೆ. ಶಾಕ್ ಪಂಪು ಎಂದೇ ಬೇರೆ ಸಿಗುತ್ತದೆ, ಅದನ್ನು ಕೊಳ್ಳಿ. ತೂಕಕ್ಕೆ ಎಷ್ಟು ಗಾಳಿ ಎಂಬ ಪಟ್ಟಿ ಬಹುತೇಕ ಫೋರ್ಕುಗಳ ಕೆಳಗಾಲಿನ ಹಿಂಬದಿಯಲ್ಲಿ ಅಂಟಿಸಿರುತ್ತದೆ.

ಆಮೇಲೆ ಸ್ಯಾಗ್. ಹೆಲ್ಮೆಟ್, ಶೂ, ಬ್ಯಾಗು, ಎರಡು ಲೀಟರ್ ನೀರು ಎಲ್ಲ ಹೊತ್ತು ಸೈಕಲ್ಲಿನ ಮೇಲೆ ನೀವು ಸುಮ್ಮನೆ ನಿಂತಾಗ ಫೋರ್ಕು ಎಷ್ಟು ಕುಸಿಯುತ್ತದೆ ಎಂಬ ಅಳತೆ. ಮೇಲಿನ ಕಾಲಿಗೆ ಒಂದು ರಬ್ಬರ್ ಉಂಗುರ ಇರುತ್ತದೆ. ಇಲ್ಲದಿದ್ದರೆ ಕೇಬಲ್ ಟೈ ಕಟ್ಟಿ. ಅದನ್ನು ಸೀಲಿನವರೆಗೆ ತಳ್ಳಿ, ಗೋಡೆ ಹಿಡಿದು ಹತ್ತಿ, ಕುಣಿಯದೆ ಇಳಿದು, ಎಷ್ಟು ಸರಿದಿದೆ ನೋಡಿ. 100ರ ಫೋರ್ಕಿಗೆ 15ರಿಂದ 25 ಮಿಲಿಮೀಟರ್ ಸರಿ. ಹೊಸಕೋಟೆ ಕಡೆಯವರು ಭಾನುವಾರದ ದಮ್ ಬಿರಿಯಾನಿಗೆ ಮುಂಚೆ ಅಳೆಯಬೇಕೋ ಆಮೇಲೋ ಎಂದು ಕೇಳುತ್ತಾರೆ. ಬೆಳಗಿನ ಜಾವ ಕತ್ತಲಲ್ಲಿ ಸಾಲು ನಿಂತು ತಿಂದು ಬಂದವರು ತಿಂದ ಮೇಲೇ ಅಳೆಯಬೇಕು, ಸವಾರಿ ಮಾಡುವ ತೂಕ ಅದೇ ತಾನೇ.

ಈಗ ಫೋರ್ಕಿನ ಬಲಗಾಲಿನ ಅಡಿಯಲ್ಲಿ ಕೈ ಹಾಕಿ. ಕೆಂಪು ನಾಬ್ ಸಿಗುತ್ತದೆ, ಕೆಲವದರ ಮೇಲೆ ಒಂದು ಮೊಲ, ಒಂದು ಆಮೆ ಬರೆದಿರುತ್ತದೆ. ಇದು ರಿಬೌಂಡ್, ಕುಸಿದ ಫೋರ್ಕು ಎಷ್ಟು ವೇಗವಾಗಿ ಏಳಬೇಕು ಎಂಬ ಹಿಡಿತ. ಈ ನಾಬ್ ಇಲ್ಲದ ಫೋರ್ಕನ್ನು ಈ ಕೈಪಿಡಿ ಫೋರ್ಕು ಎಂದು ಪರಿಗಣಿಸುವುದಿಲ್ಲ.

ಪರೀಕ್ಷೆಗೆ ಸರ್ಕಾರವೇ ಸೌಲಭ್ಯ ಒದಗಿಸಿದೆ. ಶಾಲೆ, ಕ್ರಾಸು, ಟೋಲು ಹತ್ತಿರವಾದಾಗ ರಸ್ತೆಗೆ ಅಡ್ಡಲಾಗಿ ಬಿಳಿ ಬಣ್ಣದ ದಪ್ಪ ಪಟ್ಟಿಗಳನ್ನು ಸಾಲಾಗಿ ಬಳಿದಿರುತ್ತಾರೆ, ಅವುಗಳ ಮುಂದೆ ಒಂದು ಹಂಪು. ಟಿಪ್ಪರುಗಳು ಏಳುವ ಮುಂಚೆ ಬೆಳಗ್ಗೆ ಹೋಗಿ. ನಾಬನ್ನು ಪೂರ್ತಿ ಮೊಲದ ಕಡೆ ತಿರುಗಿಸಿ ಪಟ್ಟಿಗಳ ಮೇಲೆ ಓಡಿಸಿ: ಹ್ಯಾಂಡಲು ಅಂಗೈಯನ್ನು ಒದೆಯುತ್ತದೆ, ಹಂಪಿನ ಮೇಲೆ ಮುಂಚಕ್ರ ನೆಲ ಬಿಡುತ್ತದೆ. ಪೂರ್ತಿ ಆಮೆಯ ಕಡೆ ತಿರುಗಿಸಿ ಮತ್ತೆ ಬನ್ನಿ: ಮೊದಲ ಪಟ್ಟಿಗೆ ಫೋರ್ಕು ಕುಸಿಯುತ್ತದೆ, ಏಳುವ ಮೊದಲೇ ಎರಡನೆಯದು, ಅಷ್ಟರಲ್ಲಿ ಮೂರನೆಯದು. ಕೊನೆಯ ಪಟ್ಟಿಯ ಹೊತ್ತಿಗೆ ಟ್ರಾವೆಲ್ಲೆಲ್ಲ ಖಾಲಿಯಾಗಿ, ಹಂಪು ಬಂದಾಗ ನಿಮ್ಮ ಬಳಿ ಉಳಿದಿರುವುದು ಲೋಹದ ಕೊಳವೆ. ಸರಿಯಾದ ಜಾಗ ನಡುವೆ ಎಲ್ಲೋ ಇದೆ. ಪೂರ್ತಿ ಆಮೆಯಿಂದ ಒಂದೊಂದೇ ಕ್ಲಿಕ್ಕು ಬಿಡುತ್ತ ಬನ್ನಿ. ಪಟ್ಟಿಗಳ ಮೇಲೆ ಕೈ ಹಗುರಾಗಿ, ಹಂಪಿನ ಆಚೆ ಚಕ್ರ ನೆಲಕ್ಕೆ ಅಂಟಿಕೊಂಡಿದ್ದರೆ ನಿಲ್ಲಿಸಿ, ಕ್ಲಿಕ್ಕು ಎಷ್ಟೆಂದು ಬರೆದಿಡಿ. ಗಾಳಿ ಬದಲಿಸಿದರೆ ಇದನ್ನೂ ಬದಲಿಸಬೇಕು, ಸ್ಪ್ರಿಂಗ್ ಗಟ್ಟಿಯಾದಷ್ಟೂ ಏಳುವ ರಭಸ ಹೆಚ್ಚು. ನೀವು ನಾಲ್ಕಾರು ಸಲ ಅಲ್ಲೇ ಓಡಾಡುವುದನ್ನು ಕಂಡು ಟೀ ಅಂಗಡಿಯವರು "ಏನ್ ಸಾರ್ ಕಳ್ಕೊಂಡ್ರಿ?" ಎಂದು ಕೇಳುತ್ತಾರೆ. ಉತ್ತರಿಸುವುದು ಕಡ್ಡಾಯವಲ್ಲ.

ಮೇಲಿರುವ ನೀಲಿ ನಾಬ್ ಕಂಪ್ರೆಷನ್. ಲೋ ಸ್ಪೀಡ್, ಹೈ ಸ್ಪೀಡ್ ಎಂದು ಬರೆದಿದ್ದರೆ ಅದು ಸೈಕಲ್ಲಿನ ವೇಗವಲ್ಲ, ಫೋರ್ಕು ಕುಸಿಯುವ ವೇಗ. ಬ್ರೇಕು ಹಿಡಿದಾಗ ಮೂತಿ ಮುಗ್ಗರಿಸುವುದನ್ನು ತಡೆಯುವುದು ಲೋ. ಊರವರ ಹಂಪಿಗೆ ಹೈ. ಎರಡನ್ನೂ ತೆರೆದಿಟ್ಟು ಶುರು ಮಾಡಿ, ಬೇಕಾದಷ್ಟೇ ಬಿಗಿ ಮಾಡಿ. ಫೋರ್ಕು ಅಲ್ಲಾಡದಂತೆ ಹಿಡಿದಿಡುವ ಲಾಕೌಟ್ ಇರುವುದು ಟಾರಿನ ಏರಿಗೆ. ನಂದಿ ಬೆಟ್ಟ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುವುದರಿಂದ ಈ ಕೈಪಿಡಿ ಅಲ್ಲಿ ನಡೆಯುವುದಿಲ್ಲ. ಆದರೂ ಭಾನುವಾರ ನೀವು ಹೋಗುವುದು ಅಲ್ಲಿಗೇ. ಹತ್ತುವಾಗ ಲಾಕು ಮಾಡಿ, ಇಳಿಯುವಾಗ ಬಿಚ್ಚಿ.

ಶಿವಗಂಗೆ ಬೆಟ್ಟದಲ್ಲಿ ಇರುವುದು ಮೆಟ್ಟಿಲು. ಅದಕ್ಕೆ ಯಾವ ಫೋರ್ಕನ್ನೂ ಶಿಫಾರಸು ಮಾಡುವುದಿಲ್ಲ.

ಭಾಗ 6. ಸೆಕೆಂಡ್ ಹ್ಯಾಂಡ್

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಬಾಯಿ ತೆರೆದು ಹಲ್ಲು ನೋಡದೆ, ಸುಳಿ ನೋಡದೆ ಯಾರೂ ಎತ್ತಿಗೆ ಮುಂಗಡ ಕೊಡುವುದಿಲ್ಲ. ಹಳೆಯ ಫೋರ್ಕಿಗೂ ಅದೇ ಕಣ್ಣು ಬೇಕು. ಮೇಲಿನ ಕಾಲುಗಳ ಮೇಲೆ ಉಗುರು ಎಳೆಯಿರಿ. ಎಲ್ಲಾದರೂ ಸಿಕ್ಕಿಕೊಂಡರೆ ಆ ಗೀರಿನಿಂದ ಎಣ್ಣೆ ಹೊರಗೆ, ಧೂಳು ಒಳಗೆ. ಮುಂದಿನ ಬ್ರೇಕು ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಸೀಲಿನ ಹತ್ತಿರ ಟಕಟಕ ಎಂದರೆ ಬುಷ್ಷು ಸವೆದಿದೆ. ಗಾಳಿ ಹೊಡೆದು ಒಂದು ರಾತ್ರಿ ಬಿಟ್ಟು ಬೆಳಗ್ಗೆ ನೋಡಿ. ಮಾರುವವರು "ಒಂದೇ ಒಂದು ಸಲ ಟ್ರೇಲ್‌ಗೆ ತಗೊಂಡೋಗಿದ್ದು ಬ್ರೋ" ಅನ್ನುತ್ತಾರೆ, ಎಲ್ಲರೂ ಹಾಗೇ ಅನ್ನುತ್ತಾರೆ.

ಭಾಗ 7. ಪೋಷಣೆ

ಸವಾರಿ ಮುಗಿದ ಮೇಲೆ ಬಟ್ಟೆಯಿಂದ ಮೇಲಿನ ಕಾಲುಗಳನ್ನು ಒರೆಸಿ. ಕೆಂಪು ಧೂಳು ಸೀಲಿನ ತುಟಿಯಲ್ಲಿ ಕೂತು ಉಜ್ಜಿ ಉಜ್ಜಿ ಮೇಲಿನ ಲೇಪವನ್ನೇ ತಿನ್ನುತ್ತದೆ. ಸುಮಾರು ಐವತ್ತು ಗಂಟೆಗಳ ಸವಾರಿಗೊಮ್ಮೆ ಕೆಳಗಾಲು ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಬೇಕು. ನಮ್ಮ ಧೂಳಿಗೆ ಇನ್ನೂ ಬೇಗ. ಬೈಕು ತೊಳೆಯುವ ವಾಟರ್ ಸರ್ವಿಸ್‌ಗೆ ಸೈಕಲ್ಲು ಒಯ್ಯಬೇಡಿ. ಜೋರು ನೀರು ಸೀಲು ದಾಟಿ ಒಳಹೋಗುತ್ತದೆ. ಕೊನೆಯಲ್ಲಿ ಹೊಳಪಿಗೆಂದು ಪ್ರೀತಿಯಿಂದ ಹೊಡೆಯುವ ಡೀಸೆಲ್ಲು ಡಿಸ್ಕಿಗೆ ತಾಗಿದರೆ ಬ್ರೇಕು ಹಿಡಿಯುವುದಿಲ್ಲ.

ಭಾಗ 8. ದುಡ್ಡು ಸಾಲದವರಿಗೆ

ಎಣ್ಣೆಯಿರುವ, ದಪ್ಪ ಅಚ್ಚಿನ ಫೋರ್ಕಿಗೆ ಕೈ ಎಟುಕದಿದ್ದರೆ ಎಗರುವ ಫೋರ್ಕಿಗೆ ಒಪ್ಪಿಕೊಳ್ಳಬೇಡಿ. ಶಾಕ್ಸೇ ಇಲ್ಲದ ಗಟ್ಟಿ ಫೋರ್ಕು ಹಾಕಿಸಿ. ಅದು ಅರ್ಧಕ್ಕಿಂತ ಕಡಿಮೆ ತೂಗುತ್ತದೆ, ತಿರುಚುವುದಿಲ್ಲ, ಸೀಲು ಬೇಡುವುದಿಲ್ಲ. ಫ್ರೇಮಿಗೆ ಸರಿಹೊಂದುವ ಉದ್ದದ್ದೇ ಆಗಿರಲಿ. ಜೊತೆಗೆ 2.3 ಇಂಚಿನ ಆಸುಪಾಸಿನ ಅಗಲದ ಟಯರು ಹಾಕಿ. ದ್ರಾಕ್ಷಿ ತೋಟದ ದಾರಿ, ಕೆರೆ ಏರಿ, ನೀಲಗಿರಿ ತೋಪಿಗೆ ಅಷ್ಟು ಸಾಕು. ಪಕ್ಕದ ಮನೆಯ ಹುಡುಗ "ಅಂಕಲ್, ಇದ್ರಲ್ಲಿ ಶಾಕ್ಸೇ ಇಲ್ವಲ್ಲ" ಅನ್ನುತ್ತಾನೆ. ಅನ್ನಲಿ.

ಭಾಗ 9. ತೊಂದರೆ ಮತ್ತು ಪರಿಹಾರ

ತೊಂದರೆ: ಫೋರ್ಕು ಅಲ್ಲಾಡುತ್ತಲೇ ಇಲ್ಲ. ಪರಿಹಾರ: ಲಾಕೌಟ್ ಬಿಚ್ಚಿ. ನಂದಿಯಿಂದ ಇಳಿದು ಬಂದು ಎಷ್ಟು ದಿನವಾಯಿತು?

ತೊಂದರೆ: ಮೇಲಿನ ಕಾಲಿನ ಸುತ್ತ ಎಣ್ಣೆಯ ಉಂಗುರ. ಪರಿಹಾರ: ತೆಳ್ಳಗಿದ್ದರೆ ಸಹಜ. ತೊಟ್ಟಿಕ್ಕುತ್ತಿದ್ದರೆ ಸೀಲು ಬದಲಿಸಿ.

ತೊಂದರೆ: ಕೊಟ್ಟ ಬೆಲೆ ಮನೆಯಲ್ಲಿ ಗೊತ್ತಾಗಿದೆ. ಪರಿಹಾರ: ಇದಕ್ಕೆ ಡ್ಯಾಂಪಿಂಗ್ ಲಭ್ಯವಿಲ್ಲ.

ತೊಂದರೆ: ಗಾಳಿ ಸರಿಯಿದೆ, ಸ್ಯಾಗ್ ಸರಿಯಿದೆ, ಕ್ಲಿಕ್ಕು ಬರೆದಿಟ್ಟಷ್ಟೇ ಇದೆ, ಆದರೂ ಕೈ ಜುಮ್ಮೆನ್ನುತ್ತದೆ. ಪರಿಹಾರ: ಟಯರು ಒತ್ತಿ ನೋಡಿ. ಪಂಕ್ಚರ್ ಅಂಗಡಿಯವರು ಕಲ್ಲಾಗುವವರೆಗೆ ಹೊಡೆದು ಕಳಿಸಿದ್ದಾರೆ. ಇಪ್ಪತ್ತೈದು, ಮೂವತ್ತು ಪಿಎಸ್‌ಐಗೆ ಇಳಿಸಿ. ಖರ್ಚಿಲ್ಲದ ಈ ಪರಿಹಾರವನ್ನು ಮೊದಲ ಪುಟದಲ್ಲೇ ಹಾಕಬಹುದಿತ್ತು. ಹಾಕಿದ್ದರೆ ಯಾರೂ ಫೋರ್ಕು ಕೊಳ್ಳುತ್ತಿರಲಿಲ್ಲ ಎಂದು ಅಂಗಡಿಯವರ ಆಕ್ಷೇಪ.